ಡಿಗ್ರಿ ಆದಮೇಲೆ ಇನ್ನೊಂದು ವರ್ಷ: ಆನರ್ಸ್‌ಗೆ ಸೇರುವ ಮುಂಚೆ ತಿಳಿದಿರಬೇಕಾದ್ದು

ಆರನೇ ಸೆಮಿಸ್ಟರ್ ಪರೀಕ್ಷೆ ಮುಗಿಯುತ್ತಿದ್ದ ಹಾಗೇ ನಮ್ಮ ಸ್ಟಾಫ್ ರೂಮಿನ ಬಾಗಿಲಲ್ಲಿ ಒಂದಿಬ್ಬರು ಬಂದು ನಿಲ್ಲುತ್ತಾರೆ. "ಸರ್, ಆನರ್ಸ್ ಮಾಡೋದಾ, ಬೇಡ್ವಾ?" ಜೊತೆಗೆ ಅಪ್ಪನೋ ಮಾವನೋ ಬಂದಿದ್ದರೆ ಅವರ ಪ್ರಶ್ನೆ ಇನ್ನೂ ನೇರ. "ಇನ್ನೊಂದು ವರ್ಷ ಓದಿಸಿದ್ರೆ ಏನ್ ಸಿಗುತ್ತೆ ಮೇಷ್ಟ್ರೇ?"

ನಾನು ಪದವಿ ಕಾಲೇಜಿನಲ್ಲಿ ಸಮಾಜಶಾಸ್ತ್ರ ಪಾಠ ಮಾಡುವವನು. ನಾಲ್ಕನೇ ವರ್ಷದ ಮಕ್ಕಳಿಗೆ ಗೈಡ್ ಕೂಡ ಆಗಿದ್ದೇನೆ. ಅವರಿಗೆ ಹೌದು ಅಂತಲೂ ಇಲ್ಲ ಅಂತಲೂ ಹೇಳುವುದಿಲ್ಲ. ತಿರುಗಿ ಒಂದು ಪ್ರಶ್ನೆ ಕೇಳುತ್ತೇನೆ: "ಯಾವುದರ ಮೇಲೆ ಕೆಲಸ ಮಾಡ್ಬೇಕು ಅಂತಿದ್ದೀಯ?" ಹತ್ತರಲ್ಲಿ ಎಂಟು ಮಂದಿ ತಬ್ಬಿಬ್ಬಾಗುತ್ತಾರೆ. ಹಾಗಾಗುವುದು ತಪ್ಪಲ್ಲ. ಆದರೆ ಆ ಪ್ರಶ್ನೆಗೆ ಉತ್ತರ ಹುಡುಕುವ ಮನಸ್ಸಿಲ್ಲದೆ ಸೇರಿದರೆ ಇಡೀ ವರ್ಷ ಪೇಚಾಟ. ಮೂರು ವರ್ಷ ಸಿಲಬಸ್ ನಿಮ್ಮನ್ನು ಕೈಹಿಡಿದು ನಡೆಸಿರುತ್ತದೆ, ನಾಲ್ಕನೇ ವರ್ಷದಲ್ಲಿ ಅದು ಅರ್ಧ ದಾರಿಯಲ್ಲೇ ಕೈಬಿಡುತ್ತದೆ.

ಮೊದಲು, ಯಾವ ಆನರ್ಸ್ ಅಂತ ಗೊತ್ತುಮಾಡಿಕೊಳ್ಳಿ

ಒಂದೇ ಹೆಸರಿನಲ್ಲಿ ನಾಲ್ಕೈದು ಬೇರೆ ಬೇರೆ ಓದುಗಳಿವೆ. ಗೊಂದಲ ಶುರುವಾಗುವುದೇ ಇಲ್ಲಿಂದ.

ಮನೆಯಲ್ಲಿ ಹಿರಿಯರಿದ್ದರೆ ಅವರು ಮೈಸೂರು ಮಹಾರಾಜ ಕಾಲೇಜಿನ ಬಿ.ಎ. ಆನರ್ಸ್ ನೆನಪು ಮಾಡಿಕೊಳ್ಳುತ್ತಾರೆ. ಅದು ಒಂದೇ ವಿಷಯವನ್ನು ಆಳವಾಗಿ ಓದುವ ಹಳೆಯ ಪದ್ಧತಿ. ದೆಹಲಿ ವಿಶ್ವವಿದ್ಯಾಲಯದಲ್ಲಿ ಮೂರು ವರ್ಷದ ಆನರ್ಸ್ ಅಂದರೆ ಬಹುಕಾಲ ಅದೇ ಆಗಿತ್ತು.

ರೈತರ ಮನೆಗಳಿಗೆ ಈ ಪದ ಇನ್ನೊಂದು ದಾರಿಯಿಂದ ಪರಿಚಯ. ಬೆಂಗಳೂರು, ಧಾರವಾಡ, ರಾಯಚೂರಿನ ಕೃಷಿ ವಿಶ್ವವಿದ್ಯಾಲಯಗಳ ಬಿ.ಎಸ್ಸಿ. ಆನರ್ಸ್ ಕೃಷಿ ನಾಲ್ಕು ವರ್ಷದ್ದು. ಅಲ್ಲಿನ ಕೊನೆ ವರ್ಷದ ಮಕ್ಕಳು ಹಳ್ಳಿಗೆ ಬಂದು ತಿಂಗಳುಗಟ್ಟಲೆ ಇದ್ದು, ದೇವಸ್ಥಾನದ ಮುಂದೆ ರಂಗೋಲಿ ಪುಡಿಯಲ್ಲಿ ಊರಿನ ನಕ್ಷೆ ಬರೆಯುವುದನ್ನು ನೀವೂ ನೋಡಿರಬಹುದು. ಅಲ್ಲಿ ಆನರ್ಸ್ ಅನ್ನುವುದು ಪದವಿಯ ಹೆಸರಿನಲ್ಲೇ ಸೇರಿದೆ, ಬೇಕಾ ಬೇಡವಾ ಅನ್ನುವ ಪ್ರಶ್ನೆಯೇ ಇಲ್ಲ.

ಎಂಜಿನಿಯರಿಂಗ್‌ನಲ್ಲಿ ಮತ್ತೊಂದು ಥರ. ತಾಂತ್ರಿಕ ಶಿಕ್ಷಣ ನೋಡಿಕೊಳ್ಳುವ ಎಐಸಿಟಿಇ ಮಾದರಿಯ ಪ್ರಕಾರ (ಓದಿನ ಗಂಟೆಗಳನ್ನು ಕ್ರೆಡಿಟ್ ಅಂತ ಎಣಿಸುತ್ತಾರೆ) ಮಾಮೂಲಿ ಕ್ರೆಡಿಟ್‌ಗಳ ಮೇಲೆ ಇನ್ನೂ 18ರಿಂದ 20 ಕ್ರೆಡಿಟ್‌ನಷ್ಟು ಆನ್‌ಲೈನ್ ಕೋರ್ಸ್ ಮುಗಿಸಿದರೆ ಪದವಿಗೆ ಆನರ್ಸ್ ಸೇರುತ್ತದೆ. ವರ್ಷ ಜಾಸ್ತಿ ಆಗುವುದಿಲ್ಲ, ಭಾನುವಾರಗಳು ಹೋಗುತ್ತವೆ ಅಷ್ಟೇ.

ಅಮೆರಿಕದಲ್ಲಿರುವ ಚಿಕ್ಕಮ್ಮನ ಮಗ "ಆನರ್ಸ್ ಕಾಲೇಜ್‌ಗೆ ಸೆಲೆಕ್ಟ್ ಆದೆ" ಅಂದರೆ ಅದರ ಅರ್ಥವೇ ಬೇರೆ. ಅಲ್ಲಿ ದೊಡ್ಡ ವಿಶ್ವವಿದ್ಯಾಲಯದೊಳಗೇ ಒಂದು ಚಿಕ್ಕ ಕಾಲೇಜು ಇರುತ್ತದೆ. ಅರಿಜೋನಾ ಸ್ಟೇಟ್‌ನ ಬ್ಯಾರೆಟ್, ಪೆನ್ ಸ್ಟೇಟ್‌ನ ಶ್ರೈಯರ್ ಅಂಥವು. ಮೊದಲ ವರ್ಷದಿಂದಲೇ ಸಣ್ಣ ತರಗತಿಗಳು, ಕೊನೆಗೆ ಒಂದು ಪ್ರಬಂಧ. ನಮ್ಮಲ್ಲಿ ಆನರ್ಸ್ ಅಂದರೆ ಮೂರರ ಮೇಲೆ ಇನ್ನೊಂದು ವರ್ಷ, ಅಲ್ಲಿ ಅದೇ ನಾಲ್ಕು ವರ್ಷದೊಳಗೆ ಬೇರೆ ಥರದ ಓದು. ಫ್ಯಾಮಿಲಿ ವಾಟ್ಸಾಪ್ ಗ್ರೂಪಿನಲ್ಲಿ ಇವೆರಡನ್ನೂ ತಕ್ಕಡಿಗೆ ಹಾಕಿ ತೂಗಬೇಡಿ.

ಈ ಲೇಖನ ಬಿ.ಎ., ಬಿ.ಎಸ್ಸಿ., ಬಿ.ಕಾಂ. ಮಕ್ಕಳ ನಾಲ್ಕನೇ ವರ್ಷದ ಬಗ್ಗೆ.

ನಿಮ್ಮ ಬ್ಯಾಚ್ ಯಾವುದು?

ಕರ್ನಾಟಕದಲ್ಲಿ ಇದು ಮುಖ್ಯ. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯಂತೆ ನಾಲ್ಕು ವರ್ಷದ ಪದ್ಧತಿ ಬಂತು. ದೇಶದಲ್ಲೇ ಮೊದಲು ಜಾರಿ ಮಾಡಿದ್ದು ನಾವೇ. ಆಮೇಲೆ ಸರ್ಕಾರ ಬದಲಾಯಿತು. ಪ್ರೊ. ಸುಖದೇವ್ ಥೋರಟ್ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗ ಮಧ್ಯಂತರ ವರದಿ ಕೊಟ್ಟಿತು. 2024-25ರಿಂದ ಮತ್ತೆ ಮೂರು ವರ್ಷದ ಪದವಿಗೆ ಬಂದೆವು. ಮಧ್ಯೆ ಸೇರಿದ ಮೂರು ಬ್ಯಾಚ್‌ಗಳಿಗೆ, ಅಂದರೆ 2021, 2022 ಮತ್ತು 2023ರಲ್ಲಿ ಸೇರಿದವರಿಗೆ, ಬೇಕಿದ್ದರೆ ನಾಲ್ಕನೇ ವರ್ಷ ಮುಂದುವರಿಸುವ ಅವಕಾಶ ಉಳಿಯಿತು.

2024ರಲ್ಲೋ ಆಮೇಲೋ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯಗಳ ಕಾಲೇಜಿಗೆ ಸೇರಿದವರಿಗೆ ಈ ದಾರಿ ಇಲ್ಲ. ಮೂರು ವರ್ಷ ಮುಗಿಸಿ ಎರಡು ವರ್ಷದ ಎಂ.ಎ., ಎಂ.ಎಸ್ಸಿ., ಎಂ.ಕಾಂ.ಗೆ ಹೋಗುವುದೇ ಸರಿ. ಈಗ ಪಿಯುಸಿಯಲ್ಲಿದ್ದು ನಾಲ್ಕು ವರ್ಷದ್ದೇ ಬೇಕು ಅನ್ನುವವರಿಗೆ ಬೇರೆ ಬಾಗಿಲುಗಳಿವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ 2011ರಿಂದ ನಾಲ್ಕು ವರ್ಷದ ಸಂಶೋಧನಾ ಪದವಿ ನಡೆಸುತ್ತಿದೆ. ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆಯಲ್ಲಿ ಒಳ್ಳೆ ರ‍್ಯಾಂಕ್ ಬೇಕು. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದಲ್ಲಿ ನಾಲ್ಕು ವರ್ಷದ ಬಿ.ಎ., ಬಿ.ಎಸ್ಸಿ. ಆನರ್ಸ್ ಇದೆ. ದೆಹಲಿ ವಿಶ್ವವಿದ್ಯಾಲಯ 2013ರಲ್ಲಿ ನಾಲ್ಕು ವರ್ಷ ಅಂತ ತಂದು 2014ರಲ್ಲಿ ವಾಪಸ್ ತೆಗೆದು 2022ರಲ್ಲಿ ಮತ್ತೆ ತಂದಿತು. ಅಂದರೆ ಈ ಹಗ್ಗಜಗ್ಗಾಟ ನಮ್ಮ ರಾಜ್ಯದ್ದು ಮಾತ್ರ ಅಲ್ಲ.

ಇನ್ನೊಂದು ಮಾತು. ನಿಮ್ಮ ಕಾಲೇಜಿನಲ್ಲಿ, ನಿಮ್ಮ ವಿಷಯದಲ್ಲಿ ನಾಲ್ಕನೇ ವರ್ಷ ನಿಜಕ್ಕೂ ನಡೆಯುತ್ತದಾ ಅಂತ ಬಾಯಿಬಿಟ್ಟು ಕೇಳಿ. ಆದೇಶದಲ್ಲಿ ಅವಕಾಶ ಇರುವುದು ಬೇರೆ, ಟೈಮ್‌ಟೇಬಲ್‌ನಲ್ಲಿ ಇರುವುದು ಬೇರೆ. ನಾಲ್ಕೇ ಮಂದಿ ಅರ್ಜಿ ಹಾಕಿದರೆ "ಪಕ್ಕದ ಕಾಲೇಜಿಗೆ ಹೋಗಿ" ಅನ್ನುವವರಿದ್ದಾರೆ.

ಎರಡು ಕವಲು

ನಾಲ್ಕನೇ ವರ್ಷದಲ್ಲಿ ಎರಡು ದಾರಿ. ಒಂದು ಬರೀ ಆನರ್ಸ್. ಇನ್ನೊಂದು ಸಂಶೋಧನೆಯ ಜೊತೆಗಿನ ಆನರ್ಸ್.

ದೇಶದ ವಿಶ್ವವಿದ್ಯಾಲಯಗಳಿಗೆ ನಿಯಮ ಮಾಡುವ ಯುಜಿಸಿ 2022ರ ಡಿಸೆಂಬರಿನಲ್ಲಿ ಕೊಟ್ಟ ಚೌಕಟ್ಟಿನ ಲೆಕ್ಕ ಹೀಗಿದೆ. ಮೂರು ವರ್ಷದ ಪದವಿಗೆ ಕನಿಷ್ಠ 120 ಕ್ರೆಡಿಟ್, ನಾಲ್ಕು ವರ್ಷಕ್ಕೆ ಕನಿಷ್ಠ 160. ವಿಶ್ವವಿದ್ಯಾಲಯಗಳು ಇದಕ್ಕಿಂತ ಜಾಸ್ತಿ ಇಡಬಹುದು, ದೆಹಲಿಯಲ್ಲಿ 176 ಇದೆ. ಮೊದಲ ಆರು ಸೆಮಿಸ್ಟರ್‌ನಲ್ಲಿ ಶೇ. 75 ಅಥವಾ ಅದಕ್ಕಿಂತ ಹೆಚ್ಚು ಬಂದವರು ಸಂಶೋಧನೆಯ ಕವಲು ಹಿಡಿಯಬಹುದು. ಅವರಿಗೆ 12 ಕ್ರೆಡಿಟ್‌ನ ಒಂದು ಪ್ರಬಂಧ ಇರುತ್ತದೆ. ಸಂಶೋಧನೆ ಬೇಡ ಅನ್ನುವವರು ಆ 12 ಕ್ರೆಡಿಟ್‌ಗೆ ಬದಲಾಗಿ ಮೂರು ಪೇಪರ್ ಓದಿ ಪರೀಕ್ಷೆ ಬರೆಯುತ್ತಾರೆ.

12 ಕ್ರೆಡಿಟ್ ಅಂದರೆ ಎಷ್ಟು ಕೆಲಸ? ಪಾಠದ ಒಂದು ಕ್ರೆಡಿಟ್‌ಗೆ ಸೆಮಿಸ್ಟರಿಗೆ 15 ಗಂಟೆ, ಪ್ರಾಕ್ಟಿಕಲ್‌ಗೆ 30 ಗಂಟೆ. ಪ್ರಾಕ್ಟಿಕಲ್ ಲೆಕ್ಕ ಹಿಡಿದರೂ 360 ಗಂಟೆ ಆಯಿತು. ದಿನಕ್ಕೆ ಎರಡು ಗಂಟೆ ಅಂದರೆ ಆರು ತಿಂಗಳು, ಅದೂ ಹಬ್ಬ, ಮದುವೆ, ಜ್ವರ ಯಾವುದೂ ಬರದಿದ್ದರೆ.

ಇದರಿಂದ ಏನು ಸಿಗುತ್ತೆ, ಏನು ಸಿಗಲ್ಲ

ಆ ಮಾವನ ಪ್ರಶ್ನೆಗೆ ಈಗ ಬರೋಣ. ಸಿಗದೇ ಇರುವುದನ್ನು ಮೊದಲು ಹೇಳಿಬಿಡುತ್ತೇನೆ.

ಎಫ್‌ಡಿಎ, ಪಿಡಿಓ, ಕೆಎಎಸ್, ಬ್ಯಾಂಕ್, ಯುಪಿಎಸ್‌ಸಿ ಇವಕ್ಕೆ ಮೂರು ವರ್ಷದ ಪದವಿ ಸಾಕು. ಆನರ್ಸ್ ಇದೆ ಅಂತ ಒಂದು ಮಾರ್ಕ್ಸೂ ಜಾಸ್ತಿ ಕೊಡುವುದಿಲ್ಲ. ನಿಮ್ಮ ಗುರಿ ಸ್ಪರ್ಧಾತ್ಮಕ ಪರೀಕ್ಷೆ ಆಗಿದ್ದು, "ಹೇಗೂ ಖಾಲಿ ಕೂರ್ತೀನಲ್ಲ, ಆನರ್ಸ್ ಮಾಡ್ತಾ ಓದ್ಕೋತೀನಿ" ಅಂತ ಲೆಕ್ಕ ಹಾಕಿದ್ದರೆ ದಯವಿಟ್ಟು ಬೇಡ. ಎರಡೂ ಅರ್ಧಂಬರ್ಧ ಆಗುತ್ತವೆ. ಕಣ್ಣಾರೆ ಕಂಡಿದ್ದೇನೆ.

ಆನರ್ಸ್ ಮುಗಿಸಿದ ಮಾತ್ರಕ್ಕೆ ಪಾಠ ಮಾಡುವ ಕೆಲಸವೂ ಸಿಗುವುದಿಲ್ಲ. ಪಿಯು ಉಪನ್ಯಾಸಕರಾಗಲು ಸ್ನಾತಕೋತ್ತರ ಪದವಿ ಮತ್ತು ಬಿ.ಎಡ್. ಬೇಕು. ಡಿಗ್ರಿ ಕಾಲೇಜಿಗೂ ಸ್ನಾತಕೋತ್ತರ ಪದವಿ ಬೇಕೇ ಬೇಕು, ಅದರ ಮೇಲೆ ನೆಟ್, ಕೆ-ಸೆಟ್ ಅರ್ಹತಾ ಪರೀಕ್ಷೆ ಅಥವಾ ಪಿಎಚ್‌ಡಿ.

ಸಿಗುವುದು ಮೂರು. ಮೊದಲನೆಯದು, ಒಂದು ವರ್ಷದ ಸ್ನಾತಕೋತ್ತರ ಪದವಿಗೆ ಅರ್ಹತೆ. ಒಟ್ಟು ವರ್ಷ ಲೆಕ್ಕ ಹಾಕಿದರೆ 3+2 ಆದರೂ 4+1 ಆದರೂ ಐದೇ. ಆದರೆ ನೀವು ಸೇರಬೇಕು ಅಂದುಕೊಂಡಿರುವ ವಿಶ್ವವಿದ್ಯಾಲಯ ಒಂದು ವರ್ಷದ ಪಿಜಿ ನಡೆಸುತ್ತದಾ ಅಂತ ಈಗಲೇ ವಿಚಾರಿಸಿ. ನಡೆಸದಿದ್ದರೆ ನಿಮ್ಮದು 4+2 ಆಗಿ ಒಂದು ವರ್ಷ ಕೈಯಿಂದ ಹೋಗುತ್ತದೆ. ಎರಡನೆಯದು, ನಾಲ್ಕು ವರ್ಷದ ಪದವಿಯಲ್ಲಿ ಶೇ. 75 ಬಂದರೆ ಎಂ.ಎ. ಮಾಡದೆಯೇ ಪಿಎಚ್‌ಡಿಗೆ ಅರ್ಜಿ ಹಾಕಬಹುದು. ಇದು ಯುಜಿಸಿಯ 2022ರ ಪಿಎಚ್‌ಡಿ ನಿಯಮ. ಪರಿಶಿಷ್ಟ ಜಾತಿ, ಪಂಗಡ, ಕೆನೆಪದರಕ್ಕೆ ಸೇರದ ಹಿಂದುಳಿದ ವರ್ಗದವರು, ಅಂಗವಿಕಲರು ಮೊದಲಾದವರಿಗೆ ಶೇ. 5 ರಿಯಾಯಿತಿ ಇದೆ. 2024ರಿಂದ ಇಂಥವರು ನೆಟ್ ಬರೆದು, ಸಂಶೋಧನೆಗೆ ಸಿಗುವ ಫೆಲೋಶಿಪ್ ಆದ ಜೆಆರ್‌ಎಫ್‌ಗೂ ಪ್ರಯತ್ನಿಸಬಹುದು. ಮೂರನೆಯದು ವಿದೇಶದ ಓದು. ಅಮೆರಿಕದ ಬಹಳಷ್ಟು ವಿಶ್ವವಿದ್ಯಾಲಯಗಳು ಎಂ.ಎಸ್.ಗೆ 16 ವರ್ಷದ ಓದು ಕೇಳುತ್ತವೆ. 12+4 ಆದರೆ ಆ ತಕರಾರು ಇರುವುದಿಲ್ಲ.

ನಾಲ್ಕನೆಯದೊಂದಿದೆ, ಪ್ರಾಸ್ಪೆಕ್ಟಸ್‌ನಲ್ಲಿ ಬರೆದಿರುವುದಿಲ್ಲ. ಒಂದು ಪ್ರಶ್ನೆಯ ಹಿಂದೆ ಎಂಟು ತಿಂಗಳು ಬಿದ್ದವರು ಆಮೇಲೆ ನ್ಯೂಸ್ ಪೇಪರ್ ಓದುವ ರೀತಿಯೇ ಬದಲಾಗುತ್ತದೆ. "ಶೇ. 60 ಜನ ಹೇಳಿದರು" ಅಂತ ಎಲ್ಲಾದರೂ ಬಂದರೆ "ಯಾರನ್ನ ಕೇಳಿದ್ರು, ಎಷ್ಟು ಜನಾನ?" ಅನ್ನುತ್ತಾರೆ. ನನ್ನ ಮಟ್ಟಿಗೆ ದೊಡ್ಡ ಲಾಭ ಇದೇ. ಮಾವನಿಗೆ ಇದನ್ನು ಒಪ್ಪಿಸುವುದು ಕಷ್ಟ, ಬಿಡಿ.

ಗೈಡ್ ಹುಡುಕುವುದು

ಸಂಶೋಧನೆಯ ಕವಲಿಗೆ ಹೋಗುವವರು ಕಾಲೇಜಿನ ಹೆಸರಿಗಿಂತ ಗೈಡ್ ಯಾರು ಅನ್ನುವುದನ್ನು ನೋಡಿ. ಪ್ರವೇಶ ಶುಲ್ಕ ಕಟ್ಟುವ ಮುಂಚೆಯೇ ಹೋಗಿ ಮಾತಾಡಿಸಿ. ಬರಿಗೈಯಲ್ಲಿ ಹೋಗಬೇಡಿ. ಅರ್ಧ ಪುಟದಷ್ಟು ಬರೆದುಕೊಂಡು ಹೋಗಿ: ಯಾವ ವಿಷಯ ಇಷ್ಟ, ಯಾಕೆ, ಏನು ಓದಿದ್ದೀರಿ. ಅದು ತಪ್ಪಾಗಿದ್ದರೂ ಪರವಾಗಿಲ್ಲ. ಅರ್ಧ ಪುಟ ಬರೆದು ತಂದ ಹುಡುಗನಿಗೂ "ನೀವೇ ಒಂದು ಟಾಪಿಕ್ ಕೊಡಿ ಸರ್" ಅನ್ನುವ ಹುಡುಗನಿಗೂ ನಾವು ಕೊಡುವ ಸಮಯದಲ್ಲಿ ವ್ಯತ್ಯಾಸ ಇದ್ದೇ ಇರುತ್ತದೆ. ಇರಬಾರದು, ಆದರೆ ಇರುತ್ತದೆ.

ಅವರನ್ನು ಕೇಳಬೇಕಾದ್ದು: ನಿಮ್ಮ ಹತ್ತಿರ ಈಗ ಎಷ್ಟು ಮಕ್ಕಳಿದ್ದಾರೆ? ವಾರಕ್ಕೆ ಒಂದು ಸಲ ಭೇಟಿ ಆಗಬಹುದಾ? ಬರೆದದ್ದನ್ನು ತಿದ್ದಿ ಕೊಡಲು ಎಷ್ಟು ದಿನ ಬೇಕು? ಇದನ್ನೆಲ್ಲ ಕೇಳಲು ಮುಜುಗರ ಆಗುತ್ತದೆ, ಗೊತ್ತು. ಆದರೆ "ಸರ್, ವಾರಕ್ಕೆ ಯಾವತ್ತು ಬಂದ್ರೆ ನಿಮಗೆ ತೊಂದರೆ ಆಗಲ್ಲ?" ಅಂದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಇನ್ನೊಂದು ಕಹಿ ಸತ್ಯ. ನಮ್ಮ ಕಾಲೇಜುಗಳಲ್ಲಿ ಅತಿಥಿ ಉಪನ್ಯಾಸಕರು ಜಾಸ್ತಿ. ಅವರಲ್ಲಿ ಎಷ್ಟೋ ಮಂದಿ ನನಗಿಂತ ಚೆನ್ನಾಗಿ ಓದಿಕೊಂಡವರು. ಆದರೆ ಮುಂದಿನ ಸೆಮಿಸ್ಟರ್‌ಗೆ ಅವರು ಇದೇ ಕಾಲೇಜಿನಲ್ಲಿ ಇರುತ್ತಾರೋ ಇಲ್ಲವೋ ಅವರಿಗೇ ಗೊತ್ತಿರುವುದಿಲ್ಲ. ಹಾಗಾಗಿ ದಾಖಲೆಯಲ್ಲಿ ಕಾಯಂ ಅಧ್ಯಾಪಕರೊಬ್ಬರು ಗೈಡ್ ಆಗಿರಲಿ. ಅತಿಥಿ ಉಪನ್ಯಾಸಕರ ಸಹಾಯವನ್ನು ಧಾರಾಳವಾಗಿ ಪಡೆಯಿರಿ, ಕೃತಜ್ಞತೆಯ ಪುಟದಲ್ಲಿ ಅವರ ಹೆಸರು ಬರೆಯುವುದನ್ನು ಮರೆಯಬೇಡಿ.

ದೊಡ್ಡ ವಿಷಯವನ್ನು ಚಿಕ್ಕ ಪ್ರಶ್ನೆ ಮಾಡುವುದು

ಇಡೀ ವರ್ಷದಲ್ಲಿ ಅತಿ ಕಷ್ಟದ ಕೆಲಸ ಇದು. ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲೋಣ.

ನನ್ನ ಹತ್ತಿರ ಬಂದ ಒಬ್ಬ ಹುಡುಗಿ ಬರೆದುಕೊಂಡು ಬಂದಿದ್ದ ವಿಷಯ "ಗ್ರಾಮೀಣ ಮಹಿಳೆಯರ ಆರ್ಥಿಕ ಸ್ಥಿತಿಗತಿಗಳು: ಒಂದು ಅಧ್ಯಯನ". ಈ ಹೆಸರಲ್ಲಿ ಹತ್ತು ಪಿಎಚ್‌ಡಿ ಮಾಡಬಹುದು. "ಯಾವ ಮಹಿಳೆಯರು?" ಅಂದೆ. "ನಮ್ಮೂರ ಕಡೆಯವರು ಸರ್." "ಏನ್ ಮಾಡೋರು?" ಸ್ವಲ್ಪ ಯೋಚಿಸಿ, "ನಮ್ಮಮ್ಮ ಸಂತೇಲಿ ಸೊಪ್ಪು ಮಾರ್ತಾರೆ" ಅಂದಳು. ಹೇಳುವಾಗ ತಲೆ ಬಗ್ಗಿಸಿದ್ದಳು. ಪ್ರಬಂಧಕ್ಕೆ ಅದು ತಕ್ಕ ವಿಷಯ ಅಲ್ಲ ಅಂತ ಅವಳಿಗೆ ಯಾರೋ ಕಲಿಸಿಬಿಟ್ಟಿದ್ದರು.

ನಾಲ್ಕು ವಾರ ಆದಮೇಲೆ ಪ್ರಶ್ನೆ ಹೀಗಾಯಿತು: ನಮ್ಮ ಪೇಟೆಯ ವಾರದ ಸಂತೆಯಲ್ಲಿ ಸೊಪ್ಪು ಮಾರುವ ಹೆಂಗಸರು ಅವತ್ತಿನ ಬಂಡವಾಳವನ್ನು ಎಲ್ಲಿಂದ ತರುತ್ತಾರೆ, ಅದಕ್ಕೆ ಎಷ್ಟು ಕೊಡುತ್ತಾರೆ? ಇಷ್ಟೇ. 22 ಜನ ಸಿಕ್ಕರು. ಒಬ್ಬ ವಿದ್ಯಾರ್ಥಿ ಬಸ್ಸಲ್ಲಿ ಓಡಾಡಿಕೊಂಡು ಒಂದು ಸೆಮಿಸ್ಟರ್‌ನಲ್ಲಿ ಉತ್ತರ ಹುಡುಕಬಹುದಾದ ಪ್ರಶ್ನೆ.

ನಿಮ್ಮ ವಿಷಯಕ್ಕೂ ಇದೇ ಪರೀಕ್ಷೆ ಮಾಡಿ ನೋಡಿ. ಯಾರು, ಎಲ್ಲಿ, ಯಾವಾಗ, ಏನನ್ನು ಎಣಿಸುತ್ತೀರಿ ಅಥವಾ ಏನನ್ನು ಕೇಳುತ್ತೀರಿ ಅಂತ ಒಂದೇ ವಾಕ್ಯದಲ್ಲಿ ನಿಮ್ಮ ಅಜ್ಜಿಗೆ ಹೇಳಬೇಕು. ಅಜ್ಜಿ "ಹೌದಲ್ವಾ, ಅದ್ಯಾಕೆ ಹಾಗೆ?" ಅಂದರೆ ವಿಷಯ ಸಿಕ್ಕಿತು. "ಏನೋಪ್ಪಾ" ಅಂದರೆ ಇನ್ನೂ ಕೆತ್ತಬೇಕು.

ಬೇರೆಯವರು ಏನು ಮಾಡಿದ್ದಾರೆ ಅಂತ ನೋಡಲು ಶೋಧಗಂಗಾ ಇದೆ. ದೇಶದ ಪಿಎಚ್‌ಡಿ ಪ್ರಬಂಧಗಳು ಅಲ್ಲಿ ಉಚಿತವಾಗಿ ಸಿಗುತ್ತವೆ, ಕನ್ನಡದವೂ ಇವೆ. ಕಾಲೇಜಿನ ಲೈಬ್ರರಿಯವರ ಹತ್ತಿರ ಎನ್-ಲಿಸ್ಟ್ (ಇ-ಪುಸ್ತಕ, ಇ-ಜರ್ನಲ್ ಓದಲು ಸಿಗುವ ಜಾಲತಾಣ) ಲಾಗಿನ್ ಕೇಳಿ. ಎಷ್ಟೋ ಕಾಲೇಜುಗಳು ಅದಕ್ಕೆ ದುಡ್ಡು ಕಟ್ಟಿರುತ್ತವೆ, ಬಳಸುವವರೇ ಇರುವುದಿಲ್ಲ.

ಏಳನೇ ಸೆಮಿಸ್ಟರ್ ಹೇಗಿರುತ್ತೆ

ಮೊದಲ ದಿನ ತರಗತಿಗೆ ಹೋದರೆ ಎದೆ ಧಸಕ್ ಅನ್ನುತ್ತದೆ. 60 ಜನ ಇದ್ದ ಕಡೆ ಐದು ಜನ. ಗೆಳೆಯರೆಲ್ಲ ಬೆಂಗಳೂರಿನಲ್ಲಿ ಕೆಲಸಕ್ಕೋ ಎಂ.ಎ.ಗೋ ಬಿ.ಎಡ್.ಗೋ ಹೋಗಿರುತ್ತಾರೆ. ಅವರ ಮೊದಲ ಸಂಬಳದ ಸ್ಟೇಟಸ್ ನೋಡುವಾಗ "ನಾನೇನ್ ಮಾಡ್ತಾ ಇದ್ದೀನಿ ಇಲ್ಲಿ" ಅನ್ನಿಸುತ್ತದೆ. ಇದು ಸಹಜ, ಎರಡು ತಿಂಗಳಲ್ಲಿ ಕಡಿಮೆ ಆಗುತ್ತದೆ. ಹೆಣ್ಣುಮಕ್ಕಳಿಗೆ ಇನ್ನೊಂದು ಭಾರ ಇದೆ. "ಡಿಗ್ರಿ ಮುಗೀತಲ್ಲ" ಅಂತ ಗಂಡು ನೋಡಲು ಶುರುಮಾಡಿರುತ್ತಾರೆ. ಕಾಲೇಜಿನಿಂದ ಮನೆಗೆ ಒಂದು ಫೋನ್ ಹೋದರೆ ಎಷ್ಟೋ ಸಲ ಕೆಲಸ ಆಗುತ್ತದೆ. ಸಂಕೋಚ ಪಡದೆ ಗೈಡ್‌ಗೆ ಹೇಳಿ.

ಈ ಸೆಮಿಸ್ಟರ್‌ನಲ್ಲಿ ಮುಂದುವರಿದ ಹಂತದ ಪೇಪರ್‌ಗಳ ಜೊತೆ ಸಂಶೋಧನಾ ವಿಧಾನದ ಪೇಪರ್ ಇರುತ್ತದೆ. ಅದನ್ನು ಪರೀಕ್ಷೆಗೆ ಉರು ಹೊಡೆಯುವ ಪೇಪರ್ ಅಂದುಕೊಂಡರೆ ಕೆಟ್ಟಿರಿ. ಪ್ರತಿ ಅಧ್ಯಾಯವನ್ನೂ ನಿಮ್ಮ ವಿಷಯಕ್ಕೆ ಹಚ್ಚಿ ನೋಡಿ. ಸೆಮಿಸ್ಟರ್ ಮುಗಿಯುವಷ್ಟರಲ್ಲಿ ಸಿನಾಪ್ಸಿಸ್, ಅಂದರೆ ಏನನ್ನು ಹೇಗೆ ಮಾಡುತ್ತೀರಿ ಅನ್ನುವ ಸಣ್ಣ ಬರಹ, ಒಪ್ಪಿಗೆ ಆಗಿರಬೇಕು.

ಕಚೇರಿ ಕೆಲಸಗಳನ್ನೂ ಈಗಲೇ ಮುಗಿಸಿ. ಪ್ರವೇಶ, ಪರೀಕ್ಷೆಗಳ ಸರ್ಕಾರಿ ಪೋರ್ಟಲ್ ಆದ ಯುಯುಸಿಎಂಎಸ್‌ನಲ್ಲಿ ನಾಲ್ಕನೇ ವರ್ಷದ ಪ್ರವೇಶ ಸರಿಯಾಗಿ ದಾಖಲಾಗಿದೆಯಾ ನೋಡಿ. ಡಿಜಿಲಾಕರ್‌ನಲ್ಲಿ ಎಬಿಸಿ (ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್) ಐಡಿ ಮಾಡಿಸಿ, 12 ಅಂಕೆಯದ್ದು, ನಿಮ್ಮ ಕ್ರೆಡಿಟ್‌ಗಳು ಅಲ್ಲಿಗೇ ಜಮಾ ಆಗುವುದು. ಎಸ್‌ಎಸ್‌ಪಿ ಸ್ಕಾಲರ್‌ಶಿಪ್ ಬರುತ್ತಿದ್ದರೆ ನಾಲ್ಕನೇ ವರ್ಷಕ್ಕೂ ಬರುತ್ತದಾ, ಹಾಸ್ಟೆಲ್ ಸೀಟು ಮುಂದುವರಿಯುತ್ತದಾ ಅಂತ ಆಯಾ ಕಚೇರಿಯಲ್ಲೇ ಕೇಳಿ. ಗೆಳೆಯರ ಮಾತು ನಂಬಬೇಡಿ. ಒಂದೆರಡು ಪೇಪರನ್ನು ಕೇಂದ್ರ ಸರ್ಕಾರದ ಆನ್‌ಲೈನ್ ಕೋರ್ಸ್‌ಗಳ ‘ಸ್ವಯಂ’ ಪೋರ್ಟಲ್‌ನಲ್ಲಿ ಮಾಡುವ ಆಸೆ ಇದ್ದರೆ, ಕಾಲೇಜಿನ ಒಪ್ಪಿಗೆ ಮೊದಲು, ನೋಂದಣಿ ಆಮೇಲೆ. ಉಲ್ಟಾ ಮಾಡಿ ಕೈಸುಟ್ಟುಕೊಂಡವರಿದ್ದಾರೆ.

ಫೀಲ್ಡಿಗೆ ಹೋಗುವುದು

ನಮ್ಮ ಸೊಪ್ಪಿನ ಹುಡುಗಿಯ ಕತೆಗೆ ಮತ್ತೆ ಬರುತ್ತೇನೆ. ಅವಳು ಮೊದಲು ತಯಾರು ಮಾಡಿದ್ದ ಪ್ರಶ್ನಾವಳಿಯ ಮೊದಲ ಸಾಲು: "ತಮ್ಮ ದೈನಂದಿನ ಬಂಡವಾಳದ ಮೂಲಗಳು ಯಾವುವು?" ಸಂತೆಯಲ್ಲಿ ಇದನ್ನು ಓದಿದಾಗ ಒಬ್ಬ ಅಜ್ಜಿ "ಮೂಲ ಅಂದ್ರೆ? ನಂಗೆ ಹಾಗೇನಿಲ್ಲ ಕಣವ್ವ" ಅಂದಳಂತೆ. ಮೂಲವ್ಯಾಧಿ ಅಂದುಕೊಂಡಿದ್ದಳು ಪಾಪ. ಅವತ್ತೇ ಪ್ರಶ್ನಾವಳಿ ಹರಿದುಹಾಕಿದೆವು. ಹೊಸದರಲ್ಲಿ ಬರೆದದ್ದು: "ಇವತ್ತು ಬೆಳಿಗ್ಗೆ ಸೊಪ್ಪು ತರೋಕೆ ದುಡ್ಡು ಯಾರ ಹತ್ರ ಇಸ್ಕೊಂಡ್ರಿ?"

ಉತ್ತರ ತಾನಾಗಿ ಬಂತು. ಬೆಳಿಗ್ಗೆ ಐದಕ್ಕೆ 900 ರೂಪಾಯಿ ಕೈಗೆ, ಸಂಜೆ 1000 ವಾಪಸ್. ಮೀಟರ್ ಬಡ್ಡಿ. ಎಲ್ಲರೂ ಅಲ್ಲ. ಕೆಲವರಿಗೆ ಸಂಘದ ಸಾಲ, ಕೆಲವರಿಗೆ ಸೊಪ್ಪು ಬೆಳೆಯುವವರೇ ಕಡ ಕೊಡುತ್ತಿದ್ದರು. ಯಾರಿಗೆ ಯಾವುದು ಯಾಕೆ ಸಿಗುತ್ತದೆ ಅನ್ನುವುದೇ ಅವಳ ಪ್ರಬಂಧದ ಎರಡನೇ ಅರ್ಧ ಆಯಿತು. ಸಿನಾಪ್ಸಿಸ್‌ನಲ್ಲಿ ಅದರ ಸುಳಿವೂ ಇರಲಿಲ್ಲ.

ಇದರಿಂದ ನಾನು ಎಲ್ಲರಿಗೂ ಹೇಳುವುದು ಇಷ್ಟು. ಪೂರ್ತಿ ಫೀಲ್ಡ್‌ವರ್ಕ್‌ಗೆ ಮುಂಚೆ ನಾಲ್ಕೈದು ಜನರ ಹತ್ತಿರ ಪ್ರಶ್ನೆಗಳನ್ನು ಹಾಕಿ ನೋಡಿ. ಜನ ದಿನಾ ಆಡುವ ಮಾತಿನಲ್ಲೇ ಕೇಳಿ. ವ್ಯಾಪಾರದ ಹೊತ್ತಲ್ಲಿ ಹೋಗಿ ತಲೆ ತಿನ್ನಬೇಡಿ. ಸೊಪ್ಪು ಕಟ್ಟು ಕಟ್ಟುವ ಹೊತ್ತಲ್ಲಿ ಪಕ್ಕ ಕೂತು ನೀವೂ ನಾಲ್ಕು ಕಟ್ಟು ಕಟ್ಟಿ. ಯಾಕೆ ಕೇಳುತ್ತಿದ್ದೀರಿ, ಹೇಳಿದ್ದನ್ನು ಏನು ಮಾಡುತ್ತೀರಿ ಅಂತ ಮೊದಲೇ ಹೇಳಿ, ಒಪ್ಪಿಗೆ ಪಡೆಯಿರಿ. ಅವತ್ತಿನ ಟಿಪ್ಪಣಿ ಅವತ್ತೇ ರಾತ್ರಿ ಬರೆಯಿರಿ. ನಾಳೆ ಅಂದರೆ ಅರ್ಧ ಮರೆತಿರುತ್ತದೆ. "ಇದ್ರಿಂದ ನಮಗೇನ್ ಬರುತ್ತೆ?" ಅಂತ ಕೇಳಿದರೆ ಸುಳ್ಳು ಭರವಸೆ ಕೊಡಬೇಡಿ. ಸರ್ಕಾರದಿಂದ ಬಂದವರು ಅಂದುಕೊಂಡು ಪಡಿತರ ಚೀಟಿ ತೋರಿಸುವವರೂ ಇರುತ್ತಾರೆ.

ಖರ್ಚಿನ ಬಗ್ಗೆ ಒಂದು ಮಾತು. ಅವಳಿಗೆ ಬಸ್ ಖರ್ಚು ಬರಲಿಲ್ಲ. 2023ರ ಜೂನ್‌ನಿಂದ ಶಕ್ತಿ ಯೋಜನೆ ಇದೆಯಲ್ಲ, ಆಧಾರ್ ತೋರಿಸಿ ಓಡಾಡಿದಳು. ಗಂಡುಮಕ್ಕಳು ಪಾಸ್‌ನ ಮಾರ್ಗ ನೋಡಿಕೊಂಡು ಊರು ಆರಿಸಿಕೊಳ್ಳಿ. ತಮಾಷೆಗೆ ಹೇಳುತ್ತಿಲ್ಲ.

ವಿಜ್ಞಾನದವರಿಗೆ ಫೀಲ್ಡ್ ಬದಲು ಲ್ಯಾಬ್. ಅಲ್ಲಿ ಸಮಯ ತಿನ್ನುವುದು ಪ್ರಯೋಗ ಅಲ್ಲ, ಕಾಯುವುದು. ಕೆಮಿಕಲ್ ಆರ್ಡರ್ ಮಾಡಿಸಿ ಬರುವುದಕ್ಕೆ ಒಂದು ತಿಂಗಳು, ಸ್ಯಾಂಪಲ್ ಬೇರೆ ವಿಶ್ವವಿದ್ಯಾಲಯದ ಯಂತ್ರಕ್ಕೆ ಕಳಿಸಿ ರಿಪೋರ್ಟ್ ಬರುವುದಕ್ಕೆ ಇನ್ನೊಂದು. ಆ ಪಟ್ಟಿಯನ್ನು ಏಳನೇ ಸೆಮಿಸ್ಟರ್‌ನಲ್ಲೇ ಕೊಟ್ಟುಬಿಡಿ.

ಬಿ.ಕಾಂ.ನವರಲ್ಲಿ ಒಂದು ವಿನಂತಿ. ಗೂಗಲ್ ಫಾರ್ಮ್ ಮಾಡಿ ಕ್ಲಾಸ್ ಗ್ರೂಪಿಗೆ ಹಾಕಿ "ಫ್ರೆಂಡ್ಸ್ ಪ್ಲೀಸ್ ಫಿಲ್ ಮಾಡಿ" ಅಂದರೆ ಅದು ಸಮೀಕ್ಷೆ ಅಲ್ಲ. ಯುಪಿಐ ಬಳಕೆಯ ಬಗ್ಗೆ 100 ಜನ ಗೆಳೆಯರನ್ನು ಕೇಳಿ "ಎಲ್ಲರೂ ಬಳಸುತ್ತಾರೆ" ಅಂತ ಬರೆದ ಪ್ರಬಂಧಗಳನ್ನು ಓದಿ ಓದಿ ಸಾಕಾಗಿದೆ. ಬದಲಿಗೆ ನಿಮ್ಮ ಬೀದಿಯ ಒಂದು ಕಿರಾಣಿ ಅಂಗಡಿಯ ಮೂರು ತಿಂಗಳ ಕಡದ ಪುಸ್ತಕ ನೋಡಲು ಸಿಕ್ಕರೆ ಅದೇ ಬಂಗಾರ.

ಬರೆಯುವುದು

ಎಂಟನೇ ಸೆಮಿಸ್ಟರ್‌ನ ಕೊನೆ ತಿಂಗಳಿಗೆ ಬರವಣಿಗೆ ಇಟ್ಟುಕೊಳ್ಳಬೇಡಿ. ವಾರಕ್ಕೆ ಎರಡು ಪುಟ ಬರೆದು ಗೈಡ್‌ಗೆ ಕೊಡಿ. ಕೆಂಪು ಗೆರೆ ನೋಡಿ ಗಾಬರಿ ಆಗಬೇಡಿ, ಕೆಂಪು ಗೆರೆ ಇಲ್ಲದಿದ್ದರೆ ಓದಿಲ್ಲ ಅಂತ ಅರ್ಥ.

ಕನ್ನಡದಲ್ಲಿ ಬರೆಯುವವರು ಮೊದಲ ದಿನದಿಂದಲೇ ಯೂನಿಕೋಡ್‌ನಲ್ಲಿ ಟೈಪ್ ಮಾಡಿ. ಡಿಟಿಪಿ ಅಂಗಡಿಯಲ್ಲಿ ಹಳೆಯ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿಸಿ, ಕೊನೆಗೆ ಕನ್ವರ್ಟ್ ಮಾಡಿದರೆ ಒತ್ತಕ್ಷರ, ಅರ್ಕಾವತ್ತು ಎಲ್ಲ ದಿಕ್ಕಾಪಾಲು. ಒಬ್ಬ ಹುಡುಗನ ಪ್ರಬಂಧದಲ್ಲಿ "ವರ್ಷ" ಅನ್ನುವ ಪದ ಪ್ರತಿ ಪುಟದಲ್ಲೂ ಕೆಟ್ಟಿತ್ತು. ಅವನೇ ಪೆನ್‌ಡ್ರೈವ್ ಕೂಡ ಅದೇ ಅಂಗಡಿಯಲ್ಲಿ ಬಿಟ್ಟುಬಂದು, ಸಿಕ್ಕಿದಾಗ ಅದರೊಳಗೆ ವೈರಸ್ ಬಿಟ್ಟರೆ ಬೇರೇನೂ ಇರಲಿಲ್ಲ. ದಿನಾ ನಿಮಗೆ ನೀವೇ ಒಂದು ಇಮೇಲ್ ಮಾಡಿಕೊಳ್ಳಿ. ಮುಗಿಯಿತು.

ನಕಲಿನ ವಿಷಯ. ಯುಜಿಸಿಯ 2018ರ ನಿಯಮದ ಪ್ರಕಾರ ಶೇ. 10ರವರೆಗಿನ ಹೋಲಿಕೆಗೆ ದಂಡ ಇಲ್ಲ, ಅದರ ಮೇಲೆ ಹೋದರೆ ತಿದ್ದಿ ಮತ್ತೆ ಸಲ್ಲಿಸುವುದರಿಂದ ಹಿಡಿದು ನೋಂದಣಿ ರದ್ದಾಗುವವರೆಗೆ ಇದೆ. ಎಐಗೆ ಹೇಳಿ ಬರೆಸಿದ ಅಧ್ಯಾಯ ನಮಗೆ ಗೊತ್ತಾಗಲ್ಲ ಅಂದುಕೊಳ್ಳಬೇಡಿ. ಮೂರು ವರ್ಷ ನಿಮ್ಮ ಉತ್ತರ ಪತ್ರಿಕೆ ಓದಿದ್ದೇವೆ, ನಿಮ್ಮ ಕನ್ನಡ ನಮಗೆ ಗೊತ್ತು.

ಜನರ ಹೆಸರು ಬದಲಿಸಿ ಬರೆಯಬೇಕು ಅನ್ನುವುದು ನಿಯಮ, ಅದರಲ್ಲೂ ಬಡ್ಡಿಯಂಥ ವಿಷಯದಲ್ಲಿ. ನಮ್ಮ ಹುಡುಗಿಯೂ ಬದಲಿಸಿದ್ದಳು. ಬೈಂಡ್ ಆದ ಪ್ರತಿ ತೆಗೆದುಕೊಂಡು ಸಂತೆಗೆ ಹೋದಾಗ ಆ ಅಜ್ಜಿ ಪುಟ ತಿರುಗಿಸಿ "ಎಲ್ಲವ್ವ ನನ್ ಹೆಸ್ರು?" ಅಂದಳಂತೆ. ಇವಳು ವಿವರಿಸಿದಳು. ಅಜ್ಜಿಗೆ ಸಮಾಧಾನ ಆಗಲಿಲ್ಲ. ಈ ಪ್ರಶ್ನೆಗೆ ನನ್ನ ಹತ್ತಿರವೂ ಉತ್ತರ ಇಲ್ಲ.

ವೈವಾ ಮತ್ತು ಆಮೇಲೆ

ವೈವಾ, ಅಂದರೆ ಪ್ರಬಂಧದ ಮೇಲಿನ ಮೌಖಿಕ ಪರೀಕ್ಷೆ, 20 ನಿಮಿಷ ಇರಬಹುದು. ಹೊರಗಿನಿಂದ ಬಂದ ಪರೀಕ್ಷಕರು ಸಾಮಾನ್ಯವಾಗಿ ಕೇಳುವುದು ಮೂರೇ: ಈ ವಿಷಯ ಯಾಕೆ ತಗೊಂಡ್ರಿ, ಹೇಗೆ ಮಾಡಿದ್ರಿ, ನಿಮಗೇ ಆಶ್ಚರ್ಯ ಆಗಿದ್ದೇನು. ಗೊತ್ತಿಲ್ಲದ್ದಕ್ಕೆ "ಅದನ್ನ ನಾನು ನೋಡಿಲ್ಲ ಸರ್" ಅನ್ನಿ. ಬುರುಡೆ ಬಿಟ್ಟರೆ ಎರಡನೇ ಪ್ರಶ್ನೆಗೇ ಸಿಕ್ಕಿಬೀಳುತ್ತೀರಿ. ಸ್ಲೈಡ್ ಹತ್ತಕ್ಕಿಂತ ಹೆಚ್ಚು ಬೇಡ, ಕರೆಂಟ್ ಹೋದರೂ ಮಾತಾಡಲು ಬರಬೇಕು.

ಹಾರ್ಡ್ ಬೈಂಡಿಂಗ್, ಚಿನ್ನದ ಅಕ್ಷರ ಎಲ್ಲ ವೈವಾದಲ್ಲಿ ಹೇಳಿದ ತಿದ್ದುಪಡಿ ಮಾಡಿದ ಮೇಲೆ. ಮೊದಲು ಸ್ಪೈರಲ್ ಸಾಕು.

ಫಲಿತಾಂಶ ಬಂದಮೇಲೆ ಮಾರ್ಕ್ಸ್ ಕಾರ್ಡ್ ಕೈಗೆ ಸಿಕ್ಕ ದಿನವೇ ಮೂರು ಕಡೆ ಕಣ್ಣಾಡಿಸಿ. ಎಂಟೂ ಸೆಮಿಸ್ಟರ್‌ನ ಕ್ರೆಡಿಟ್ ಎಬಿಸಿ ಖಾತೆಗೆ ಬಂದಿದೆಯಾ, ಪದವಿಯ ಹೆಸರಿನಲ್ಲಿ ಆನರ್ಸ್ ಅನ್ನುವುದು ಸರಿಯಾಗಿ ಇದೆಯಾ, ಸಂಶೋಧನೆ ಮಾಡಿದ್ದರೆ ಅದೂ ಇದೆಯಾ. ಆಮೇಲೆ ನಿಮ್ಮ ಇನಿಷಿಯಲ್ ಎಸ್ಸೆಸ್ಸೆಲ್ಸಿಯಲ್ಲಿ ಇರುವ ಹಾಗೇ ಇದೆಯಾ ನೋಡಿ. ಹಿಂದೆ ಇದ್ದದ್ದು ಮುಂದೆ ಬಂದಿದ್ದರೆ ಅವತ್ತೇ ಅರ್ಜಿ ಕೊಡಿ, ಪಿಎಚ್‌ಡಿ ಸಂದರ್ಶನದ ಹಿಂದಿನ ದಿನ ಅಲ್ಲ.